ಬಣ್ಣ ನಂಬಿ ಲೆಕ್ಕ ತಪ್ಪದಿರಲಿ

ಶಹಾಪುರದ ಬಳಿಯ ಭೀಮರಾಯನಗುಡಿಯನ್ನು ಜನ ಗುರುತಿಸುವುದು ಎರಡು ಕಾರಣಕ್ಕೆ. ಒಂದು, ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು. ಇನ್ನೊಂದು, ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯ. ನಾರಾಯಣಪುರದ ಬಸವಸಾಗರದ ನೀರು ಕಾಲುವೆಗೆ ಹರಿದ ಮೇಲೆ ಈ ಭಾಗದ ಎರೆಭೂಮಿಗೆ ಭತ್ತ ಬಂತು. ಅದರ ಬೆನ್ನಿಗೇ ಸವಳು-ಜವಳೂ ಬಂತು. ಮಣ್ಣು, ಮಳೆ, ನೀರಿನ ಅಂಕಿಗಳನ್ನು ನಕ್ಷೆಯಾಗಿ ಬಿಡಿಸುವುದು ಇಲ್ಲಿನ ವಿದ್ಯಾರ್ಥಿಗೆ ತಪ್ಪದ ಕೆಲಸ.

ಗ್ರಾಫ್ ಹಾಳೆ ಮತ್ತು ಬಣ್ಣದ ಪೆನ್ಸಿಲ್‌ಗಳ ಜಾಗದಲ್ಲಿ ಈಗ ಆರ್, ಮ್ಯಾಟ್‌ಪ್ಲಾಟ್‌ಲಿಬ್, ಗ್ನುಪ್ಲಾಟ್ ಮುಂತಾದ ಮುಕ್ತ ತಂತ್ರಾಂಶಗಳಿವೆ. ಕಾಸು ಕೊಡಬೇಕಿಲ್ಲ. ಆದರೆ ಒಂದು ಮಾತು ನೆನಪಿರಲಿ: ಬಣ್ಣ ಯಾವುದೆಂದು ನೀವು ಹೇಳದಿದ್ದರೆ ತಂತ್ರಾಂಶವೇ ಆರಿಸಿಬಿಡುತ್ತದೆ.

ಕಾಮನಬಿಲ್ಲಿನ ಮೋಸ

ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ತಾನಾಗಿ ಬಳಸುತ್ತಿದ್ದುದು 'ಜೆಟ್' ಎಂಬ ಕಾಮನಬಿಲ್ಲಿನ ಸಾಲು. ನೀಲಿಯಿಂದ ಹೊರಟು ತಿಳಿನೀಲಿ, ಹಳದಿ ದಾಟಿ ಕೆಂಪಿಗೆ ಮುಟ್ಟುವ ಈ ಸಾಲು ನೋಡಲು ಚೆಂದ. ದೋಷವೆಂದರೆ ಹೊಳಪು ಅಂಕಿಯೊಂದಿಗೆ ಸಮನಾಗಿ ಏರುವುದಿಲ್ಲ. ನಡುವೆ ಹೆಚ್ಚಿ, ಎರಡೂ ತುದಿಯಲ್ಲಿ ಕುಗ್ಗುತ್ತದೆ.

ಒಂದು ಹೊಲದ ಲವಣಾಂಶದ ಅಳತೆ ಒಂದು ತುದಿಯಿಂದ ಇನ್ನೊಂದಕ್ಕೆ 1ರಿಂದ 9ರವರೆಗೆ ನಿಧಾನವಾಗಿ ಏರುತ್ತದೆ ಎಂದಿಟ್ಟುಕೊಳ್ಳಿ. ಮಣ್ಣುವಿಜ್ಞಾನದಲ್ಲಿ ಈ ಅಳತೆ 4 ದಾಟಿದರೆ ಸವಳು ನೆಲ. ಜೆಟ್ ಬಳಸಿದರೆ ಕಣ್ಣಿಗೆ ರಾಚುವ ಹಳದಿ ಪಟ್ಟೆ ಬೀಳುವುದು 6ರ ಆಸುಪಾಸಿನಲ್ಲಿ. ನಿಜವಾದ ಗಡಿ ತಿಳಿನೀಲಿಯಲ್ಲಿ ಅಡಗಿ ಕೂರುತ್ತದೆ. ಬಸಿಗಾಲುವೆ ಎಲ್ಲಿಂದ ತೋಡಬೇಕೆಂದು ಆ ನಕ್ಷೆ ನೋಡಿ ತೀರ್ಮಾನಿಸಿದರೆ ಗತಿಯೇನು?

ಇದಕ್ಕೆ ಪರಿಹಾರವಾಗಿ ಸ್ಟೆಫಾನ್ ವಾನ್ ಡೆರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ 2015ರಲ್ಲಿ 'ವಿರಿಡಿಸ್' ಸಾಲನ್ನು ಮುಂದಿಟ್ಟರು. ಕಡು ನೇರಳೆಯಿಂದ ಹಳದಿಯವರೆಗೆ ಹೊಳಪು ಸಮನಾಗಿ ಏರುವ ಈ ಸಾಲು 2017ರ 2.0 ಆವೃತ್ತಿಯಿಂದ ಜೆಟ್‌ನ ಜಾಗ ಪಡೆಯಿತು. ಗ್ನುಪ್ಲಾಟ್ 2015ರ 5ನೇ ಆವೃತ್ತಿಯಲ್ಲಿ ಹಳೆಯ ಕೆಂಪು-ಹಸಿರು-ನೀಲಿ ಗೆರೆಗಳನ್ನು ಬಿಟ್ಟಿತು. ಆರ್ ಕೂಡ 2020ರ 4.0.0 ಆವೃತ್ತಿಯಲ್ಲಿ ತನ್ನ ಬಣ್ಣಗಳನ್ನು ತಿದ್ದಿಕೊಂಡಿತು.

ಪಾಲಕರ ಗಮನಕ್ಕೆ

ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದ ವರ್ಣಾಂಧತೆ ಬಹುಪಾಲು ಹುಟ್ಟಿನಿಂದ ಬರುವಂಥದು. ತಾಯಿಗೆ ತೊಂದರೆಯಿಲ್ಲದೆಯೂ ಆಕೆಯ ಮೂಲಕ ಮಗನಿಗೆ ಇಳಿಯಬಹುದು. ಆದ್ದರಿಂದಲೇ ಗಂಡುಮಕ್ಕಳಲ್ಲಿ ಹೆಚ್ಚು. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದೆ. ಬಣ್ಣದ ಗೆರೆ ಗುರುತಿಸಲು ತಡವರಿಸುವ ಹುಡುಗನನ್ನು ದಡ್ಡನೆಂದು ಗದರುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಷಿಹಾರ ಚುಕ್ಕಿ ಚಿತ್ರಗಳ ಪರೀಕ್ಷೆ ಕೆಲವೇ ನಿಮಿಷಗಳದು.

ಮಾಡಬೇಕಾದ್ದೇನು?

ಏರಿಳಿತ ತೋರಿಸಲು ಹೊಳಪು ಕ್ರಮವಾಗಿ ಬದಲಾಗುವ ಒಂದೇ ಸಾಲು ಸಾಕು. ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದು ತೋರಿಸುವಾಗ ನಡುವೆ ಬಿಳಿ, ಎರಡು ಬದಿಗೆ ಎರಡು ಬಣ್ಣ ಇರಲಿ. ತೊಗರಿ, ಹತ್ತಿ, ಭತ್ತ ಎಂಬಂಥ ಬಗೆಗಳಿಗೆ ಜಪಾನಿನ ಒಕಾಬೆ-ಇಟೊ ಎಂಟು ಬಣ್ಣಗಳು ಒಳ್ಳೆಯವು. ಹೊಸ ಆರ್‌ನಲ್ಲಿ ಅವು ಸೇರಿಯೇ ಬರುತ್ತವೆ. ಬಣ್ಣದ ಜೊತೆಗೆ ತುಂಡುಗೆರೆ, ತ್ರಿಕೋನ, ಚೌಕಗಳನ್ನೂ ಬಳಸಿ.

ಬಣ್ಣಗಳ ಹೆಸರನ್ನು ಪ್ರೋಗ್ರಾಮಿನಲ್ಲೇ ಬರೆದಿಡುವುದು ಇನ್ನೂ ಮುಖ್ಯ. ತಂತ್ರಾಂಶದ ಆವೃತ್ತಿ ಬದಲಾದರೆ ಅದೇ ಪ್ರೋಗ್ರಾಮ್ ಬೇರೆ ಬಣ್ಣದ ಚಿತ್ರ ಕೊಡಬಹುದು. ಆಗ 'ಕೆಂಪು ಗೆರೆಯನ್ನು ನೋಡಿ' ಎಂಬ ವರದಿಯ ವಾಕ್ಯಕ್ಕೆ ಅರ್ಥವೇ ಉಳಿಯದು.

ಕೊನೆಗೆ, ವರದಿ ಒಪ್ಪಿಸುವ ಮುನ್ನ ನಕ್ಷೆಯ ಕಪ್ಪು-ಬಿಳುಪು ಜೆರಾಕ್ಸ್ ತೆಗೆದು ನೋಡಿ. ಅದರಲ್ಲೂ ಹೆಚ್ಚು-ಕಡಿಮೆ ತಿಳಿಯುವಂತಿದ್ದರೆ ನಿಮ್ಮ ನಕ್ಷೆ ಯಾರ ಕೈಗೆ ಹೋದರೂ ಅರ್ಥ ಕೊಡುತ್ತದೆ.