ಅಂಗಳಕ್ಕೆ ಬರುವ ಗೆಜ್ಜೆ: ಚಿಕ್ಕಮೇಳದ ಸೊಗಸು

ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದರೆ ದೀಪಾವಳಿಯ ಹೊತ್ತಿನವರೆಗೆ ಬಯಲಾಟಗಳಿಗೆ ಬಿಡುವು. ಆ ಮಳೆಗಾಲದಲ್ಲಿ ಹೊರಡುವುದೇ ಚಿಕ್ಕಮೇಳ. ಆಗ ನಾವು ಆಟಕ್ಕೆ ಹೋಗಬೇಕಾಗಿಲ್ಲ, ಆಟವೇ ನಮ್ಮ ಮನೆಗೆ ಬರುತ್ತದೆ. ಎಣ್ಮಕಜೆಯ ಪೆರ್ಲ, ಪಡ್ರೆ, ಶೇಣಿ, ಕಾಟುಕುಕ್ಕೆಯ ಹಿರಿಯರಿಗೆ ಇದು ಹೊಸತಲ್ಲ. ಕಿರಿಯರಿಗಾಗಿ ಮತ್ತು ದೂರದ ಊರುಗಳಲ್ಲಿರುವ ಸದಸ್ಯರಿಗಾಗಿ ಈ ಪರಿಚಯ.

ಚಿಕ್ಕಮೇಳದಲ್ಲಿ ಐದಾರು ಮಂದಿ: ಭಾಗವತರು, ಮದ್ದಳೆಯವರು, ಶ್ರುತಿ ಹಿಡಿಯುವವರು, ಒಂದು ಸ್ತ್ರೀವೇಷ, ಒಂದು ಪುರುಷವೇಷ. ಮುಸ್ಸಂಜೆಗೆ ಹೊರಟು ರಾತ್ರಿ ಹತ್ತು ಹನ್ನೊಂದರವರೆಗೆ ಮನೆಯಿಂದ ಮನೆಗೆ ಸಾಗುತ್ತಾರೆ. ಮನೆಯವರು ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ ಇಟ್ಟು ಬರಮಾಡಿಕೊಳ್ಳುತ್ತಾರೆ. ಚಾವಡಿಯಲ್ಲಿ ಯಾವುದಾದರೂ ಪ್ರಸಂಗದ ಒಂದು ಸನ್ನಿವೇಶ, ಕೆಲವು ಪದ, ಕುಣಿತ, ಮಾತು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಉಡುಪಿ, ಕುಂದಾಪುರದ ಕಡೆ ನವರಾತ್ರಿಯಲ್ಲಿ ಮಕ್ಕಳು ಮನೆಮನೆಗೆ ಒಯ್ಯುವ ಹೂವಿನಕೋಲು ಇದರ ಹತ್ತಿರದ ನೆಂಟ.

ಕೇಳುಗರಿದ್ದಲ್ಲಿಗೇ ಸಂಗೀತ ಹೋಗುವ ಪ್ರಯೋಗಗಳು ಹೊರದೇಶಗಳಲ್ಲೂ ನಡೆದಿವೆ. 2007ರ ಜನವರಿ 12ರ ಬೆಳಿಗ್ಗೆ ಪ್ರಸಿದ್ಧ ಪಿಟೀಲುವಾದಕ ಜೋಶುವಾ ಬೆಲ್ ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣದಲ್ಲಿ ಹೆಸರು ಹೇಳದೆ 43 ನಿಮಿಷ ನುಡಿಸಿದರು. ಹಾದುಹೋದವರು 1,097 ಮಂದಿ. ನಿಂತು ಕೇಳಿದವರು ಏಳೇ ಮಂದಿ. 2012ರ ಮೇ 19ರ ಸಂಜೆ ಸ್ಪೇನಿನ ಸಬಡೆಲ್ ಪಟ್ಟಣದ ಚೌಕದಲ್ಲಿ ವಾದಕರು ಒಬ್ಬೊಬ್ಬರಾಗಿ ಸೇರಿಕೊಂಡು ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಭಾಗವನ್ನು ನುಡಿಸಿದಾಗ ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಆಲಿಸಿದರು. ಅಲ್ಲಿ ಕಚೇರಿಗೆ ಓಡುವ ಹೊತ್ತು, ಇಲ್ಲಿ ವಿರಾಮದ ಸಂಜೆ. ವಾದನ ಎರಡೂ ಕಡೆ ಉತ್ತಮವೇ ಆಗಿತ್ತು. ಕೇಳುಗರಿಗೆ ನಿಲ್ಲಲು ಪುರುಸೊತ್ತು ಇದ್ದುದು ಒಂದೇ ಕಡೆ.

ನಮ್ಮ ಹಿರಿಯರು ಈ ಪುರುಸೊತ್ತನ್ನು ಚಿಕ್ಕಮೇಳದ ಕ್ರಮದಲ್ಲೇ ಸೇರಿಸಿಟ್ಟಿದ್ದಾರೆ. ಮಳೆಗಾಲ, ದೀಪ ಹಚ್ಚಿದ ಮೇಲಿನ ಹೊತ್ತು, ಮನೆಮಂದಿಯೆಲ್ಲ ಒಟ್ಟಿಗೆ. ಈಗ ಹಲವು ತಂಡಗಳು ಮೊದಲೇ ತಿಳಿಸಿ ಬರುತ್ತವೆ. ಆದರೂ ಯಾವ ಪ್ರಸಂಗ, ಯಾವ ಪದ ಎಂಬ ಕುತೂಹಲ ಉಳಿದೇ ಇರುತ್ತದೆ.

ಗೇಟು ಹಾಕಿದ ಮನೆಗಳು ಹೆಚ್ಚಾದಷ್ಟೂ ಕಲಾವಿದರ ಮಳೆಗಾಲದ ಆದಾಯ ಕಡಿಮೆಯಾಗುತ್ತದೆ. ನಮಗೂ ನಷ್ಟವಿದೆ. ಗಡಿನಾಡಿನಲ್ಲಿ ಕನ್ನಡ ಶಾಲೆಗೆ ಹೋಗದ ಮಕ್ಕಳಿಗೆ ಅಚ್ಚುಕಟ್ಟಾದ ಕನ್ನಡ ಮಾತು, ರಾಗ, ತಾಳ ಮನೆಯೊಳಗೇ ಸಿಗುವ ಅವಕಾಶ ಇದು. ಅರ್ಥಗಾರಿಕೆಯಿಂದ ಶೇಣಿ ಎಂಬ ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ನೆರೆಕರೆಯವರು ನಾವು.

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮೇಳ ಬಂದಾಗ ಟಿವಿ ಆರಿಸಿ, ಮಕ್ಕಳನ್ನು ಮುಂದೆ ಕೂರಿಸಿ. ಮುಗಿದ ಮೇಲೆ ಪ್ರಸಂಗ ಯಾವುದೆಂದು ಭಾಗವತರಲ್ಲಿ ಕೇಳಿ, ಮಕ್ಕಳಿಗೆ ಆ ಕಥೆ ಹೇಳಿ. ಪಕ್ಕದ ಮನೆಯವರಿಗೆ ಚಿಕ್ಕಮೇಳದ ಪರಿಚಯವಿಲ್ಲದಿದ್ದರೆ ಅವರನ್ನೂ ಕರೆಯಿರಿ.