ಮೊಬೈಲು ಅಜ್ಜಿಯ ಕೈಯಲ್ಲೇ ಇರಲಿ

ಗಮಕ, ದೇವರನಾಮ, ಸಂಸ್ಕೃತ ಸಂಭಾಷಣೆ, ಯೋಗ, ಚಿತ್ರಕಲೆ, ಇತಿಹಾಸ, ಮೊಬೈಲ್ ಬಳಕೆ. ಅರವತ್ತು ದಾಟಿದವರು ಮನೆಯಲ್ಲೇ ಕೂತು ಕಲಿಯಬಹುದಾದ ತರಗತಿಗಳು ಕೊರೊನಾ ವರ್ಷಗಳಿಂದೀಚೆಗೆ ಕನ್ನಡದಲ್ಲೂ ಸಿಗುತ್ತಿವೆ. ಆದರೂ ಆಸೆಯಿದ್ದ ಎಷ್ಟೋ ಹಿರಿಯರು ಲಿಂಕ್ ಒತ್ತುವ ಮೊದಲೇ ಹಿಂದೆ ಸರಿಯುತ್ತಾರೆ. ಯಾಕೆಂದು ಕೇಳಿದರೆ ವಯಸ್ಸಾಯಿತು ಎನ್ನುತ್ತಾರೆ. ಮನೆಯವರೂ ಅದಕ್ಕೆ ಹೂಂಗುಟ್ಟುತ್ತಾರೆ. ಹೀಗೆ ವಯಸ್ಸಿನ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಪಾಠದ ವೇಗದ್ದು, ಕೇಳಿಸದ ಧ್ವನಿಯದು, ಕಾಣದ ಅಕ್ಷರದ್ದು, ಪಕ್ಕದಲ್ಲಿ ನಿಂತು ಹೇಳಿಕೊಡುವವರ ಅವಸರದ್ದು. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು ಎಂಬ ಕಾರಣಕ್ಕೇ ಈ ತಪ್ಪು ಕಲ್ಪನೆಗಳನ್ನು ಬಿಡಿಸಿ ನೋಡಬೇಕು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?”

ಮಕ್ಕಳ ನಡತೆಯ ಬಗ್ಗೆ ಹೇಳಬೇಕಾದ ಈ ಗಾದೆಯನ್ನು ನಾವು ಹಿರಿಯರ ಕಲಿಕೆಗೂ ಅಂಟಿಸಿಬಿಟ್ಟಿದ್ದೇವೆ. ಒಂದು ಕಾಲಕ್ಕೆ ವಿಜ್ಞಾನವೂ ಇದನ್ನೇ ಹೇಳುತ್ತಿತ್ತು. ಇಪ್ಪತ್ತರ ಯುವಕರಿಗೂ ಎಪ್ಪತ್ತರ ಹಿರಿಯರಿಗೂ ಒಂದೇ ದಿನ ಒಂದೇ ಬುದ್ಧಿಪರೀಕ್ಷೆ ಕೊಟ್ಟು, ಹಿರಿಯರ ಅಂಕ ಕಡಿಮೆ ಬಂದದ್ದನ್ನು ನೋಡಿ, ಬುದ್ಧಿ ಇಪ್ಪತ್ತರಿಂದಲೇ ಇಳಿಯುತ್ತದೆ ಎಂದು ತೀರ್ಮಾನಿಸುತ್ತಿದ್ದರು.

ಅಮೆರಿಕದ ಮನೋವಿಜ್ಞಾನಿ ವಾರ್ನರ್ ಶಾಯ್ 1956ರಲ್ಲಿ ಸಿಯಾಟಲ್ ನಗರದಲ್ಲಿ ಬೇರೆಯೇ ದಾರಿ ಹಿಡಿದರು. ಒಮ್ಮೆ ಪರೀಕ್ಷಿಸಿದವರನ್ನೇ ಏಳೇಳು ವರ್ಷಕ್ಕೊಮ್ಮೆ ಮತ್ತೆ ಕರೆದು ಪರೀಕ್ಷಿಸುತ್ತ ಹೋದರು. ದಶಕಗಳ ಕಾಲ ನಡೆದ ಆ ಅಧ್ಯಯನದಿಂದ ಗೊತ್ತಾದದ್ದು ಇಷ್ಟು: ಒಬ್ಬ ವ್ಯಕ್ತಿಯನ್ನು ಅವನ ಹಿಂದಿನ ಅಂಕಗಳ ಜೊತೆಗೇ ಹೋಲಿಸಿದರೆ, ಬಹುತೇಕ ಸಾಮರ್ಥ್ಯಗಳು ಅರವತ್ತರ ಆಸುಪಾಸಿನವರೆಗೆ ಹೇಳಿಕೊಳ್ಳುವಷ್ಟು ಕುಗ್ಗುವುದಿಲ್ಲ. ಪದಸಂಪತ್ತಂತೂ ಇನ್ನೂ ಮುಂದಕ್ಕೆ ಉಳಿಯುತ್ತದೆ. ಮೊದಲಿನ ಪರೀಕ್ಷೆಗಳಲ್ಲಿ ಕಂಡಿದ್ದ ಅಂತರದಲ್ಲಿ ಬಹಳಷ್ಟು ವಯಸ್ಸಿನದ್ದಾಗಿರದೆ ಎರಡು ತಲೆಮಾರುಗಳಿಗೆ ಸಿಕ್ಕ ಶಾಲೆ, ಆಹಾರ, ಆರೋಗ್ಯಗಳ ಅಂತರವಾಗಿತ್ತು. ನಮ್ಮ ಮನೆಗಳ ಅಜ್ಜಿಯರನ್ನು ನೆನೆದಾಗ ಈ ಮಾತು ನನಗೆ ಹೆಚ್ಚು ತಾಗುತ್ತದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ ಒಲೆ ಮುಂದೆ ಕೂರಿಸಿದ ಹುಡುಗಿಗೆ ಎಪ್ಪತ್ತರಲ್ಲಿ ಹೊಸ ವಿಷಯ ತಡವಾಗಿ ತಲೆಗೆ ಹತ್ತಿದರೆ, ಅದನ್ನು ಮುಪ್ಪಿನ ಲೆಕ್ಕಕ್ಕೆ ಬರೆಯುವುದು ಆಕೆಗೆ ಎರಡನೆಯ ಬಾರಿ ಮಾಡುವ ಅನ್ಯಾಯ.

ಇನ್ನೊಂದು ಫಲಿತಾಂಶ 1986ರದು. ಶಾಯ್ ಮತ್ತು ಶೆರಿ ವಿಲ್ಲಿಸ್ ಅರವತ್ತೈದರ ಸುತ್ತಮುತ್ತಲಿನ ಹಾಗೂ ಅದಕ್ಕೂ ಹಿರಿಯರಾದವರಿಗೆ ತರ್ಕ ಮತ್ತು ದಿಕ್ಕು-ಜಾಗಗಳ ಅಂದಾಜು ಕುರಿತು ಸುಮಾರು ಐದು ಗಂಟೆ ತರಬೇತಿ ಕೊಟ್ಟರು. ಮೂರರಲ್ಲಿ ಎರಡು ಪಾಲು ಜನ ಗಮನಾರ್ಹವಾಗಿ ಸುಧಾರಿಸಿದರು. ಅಂಕ ಕುಸಿದಿದ್ದವರಲ್ಲಿ ಶೇ 40ರಷ್ಟು ಮಂದಿ ಹದಿನಾಲ್ಕು ವರ್ಷಗಳ ಹಿಂದಿನ ತಮ್ಮ ಮಟ್ಟಕ್ಕೆ ಮರಳಿದರು.

ಹಾಗಾದರೆ ವಯಸ್ಸಿನಿಂದ ಏನೂ ಆಗುವುದೇ ಇಲ್ಲವೇ? ಆಗುತ್ತದೆ. ಗ್ರಹಿಸುವ ವೇಗ ನಿಜಕ್ಕೂ ಇಳಿಯುತ್ತದೆ. ಏಕಕಾಲಕ್ಕೆ ಎರಡು ಕಡೆ ಗಮನ ಕೊಡುವುದು ಕಷ್ಟವಾಗುತ್ತದೆ. ಹೆಸರುಗಳು ನಾಲಿಗೆ ತುದಿಯಲ್ಲಿ ನಿಂತುಬಿಡುತ್ತವೆ. ಆದರೆ ಹಿರಿಯರಿಗೆ ತಮ್ಮದೇ ವೇಗದಲ್ಲಿ ಕಲಿಯಲು ಬಿಟ್ಟರೆ ಕಿರಿಯರಿಗೂ ಅವರಿಗೂ ಇರುವ ಅಂತರ ಬಹಳ ಕಿರಿದಾಗುತ್ತದೆ ಎಂಬುದು 1960ರ ದಶಕದ ಪ್ರಯೋಗಗಳಲ್ಲೇ ಕಂಡ ಸತ್ಯ. ರೆಕಾರ್ಡ್ ಆದ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೊಮ್ಮೆ ಕೇಳಬಹುದು. ಸಭಾಂಗಣದ ಉಪನ್ಯಾಸದಲ್ಲಿ ಇಲ್ಲದ ಈ ಸೌಲಭ್ಯ ಹಿರಿಯರಿಗೆಂದೇ ಮಾಡಿದಂತಿದೆ.

“ಮನೆಯಲ್ಲಿ ಮೊಮ್ಮಕ್ಕಳಿದ್ದಾರಲ್ಲ, ಅವರೇ ಕಲಿಸುತ್ತಾರೆ”

ಮೊಮ್ಮಗ ಕಲಿಸುವುದು ಹೇಗೆಂದು ನೋಡಿ. “ಇಲ್ಲಿ ಕೊಡಜ್ಜಿ” ಎಂದು ಮೊಬೈಲು ಕಿತ್ತುಕೊಳ್ಳುತ್ತಾನೆ. ಅವನ ಹೆಬ್ಬೆರಳು ನಾಲ್ಕು ಕಡೆ ಓಡುತ್ತದೆ. “ಆಯ್ತು ನೋಡು” ಎಂದು ವಾಪಸು ಕೊಡುತ್ತಾನೆ. ಕ್ಲಾಸು ತೆರೆದುಕೊಂಡಿರುತ್ತದೆ, ಅಜ್ಜಿಗೆ ಮಾತ್ರ ಏನೂ ತಿಳಿದಿರುವುದಿಲ್ಲ. ಮರುದಿನ ಮತ್ತೆ ಕೇಳಿದಾಗ “ನಿನ್ನೆ ತಾನೇ ಹೇಳಿಕೊಟ್ಟೆನಲ್ಲ” ಎಂಬ ಮಾತು ಬರುತ್ತದೆ. ಮೂರನೆಯ ದಿನ ಅಜ್ಜಿ ಕೇಳುವುದನ್ನೇ ಬಿಡುತ್ತಾರೆ. ಮನೆಯವರು ಅದಕ್ಕೆ ಮರೆವು ಎಂದು ಹೆಸರಿಡುತ್ತಾರೆ.

ನೋಡಿದ್ದಕ್ಕಿಂತ ತಾವೇ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆ. ಇದು ಎಲ್ಲ ವಯಸ್ಸಿನವರಿಗೂ ಅನ್ವಯಿಸುವ ನಿಯಮ. ಹೇಳಿಕೊಡುವವರು ಫೋನು ಮುಟ್ಟದೆ ಬಾಯಲ್ಲಷ್ಟೇ ಹೇಳಬೇಕು. ಹೆಜ್ಜೆಗಳನ್ನು ಅಜ್ಜಿಯೇ ತಮ್ಮ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು: ಹಸಿರು ಚಿತ್ರ ಒತ್ತು, ಗುಂಪಿನ ಹೆಸರು ಹುಡುಕು, ನೀಲಿ ಅಕ್ಷರದ ಸಾಲು ಒತ್ತು, ಮೈಕಿನ ಮೇಲೆ ಕೆಂಪು ಗೆರೆ ಇದೆಯೇ ನೋಡು. ತಪ್ಪು ಒತ್ತಿದರೆ ಫೋನು ಕೆಟ್ಟುಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಭಯ ಕಳೆಯುತ್ತದೆ.

ಜಪಾನಿನ ಮಸಾಕೊ ವಾಕಾಮಿಯಾ ಅವರನ್ನು ಇಲ್ಲಿ ನೆನೆಯಬೇಕು. 1935ರಲ್ಲಿ ಹುಟ್ಟಿದ ಅವರು ಬ್ಯಾಂಕ್ ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಕಂಪ್ಯೂಟರ್ ಕಲಿಯತೊಡಗಿದರು. 2017ರಲ್ಲಿ, 81ರ ವಯಸ್ಸಿನಲ್ಲಿ, ಐಫೋನಿಗಾಗಿ ‘ಹಿನಾದಾನ್’ ಎಂಬ ಆಟವನ್ನು ತಾವೇ ಪ್ರೋಗ್ರಾಮ್ ಬರೆದು ಬಿಡುಗಡೆ ಮಾಡಿದರು. ಅದೇ ವರ್ಷ ಆ್ಯಪಲ್ ಕಂಪನಿ ತನ್ನ ಡೆವಲಪರ್‌ಗಳ ಸಮಾವೇಶಕ್ಕೆ ಅವರನ್ನು ಆಹ್ವಾನಿಸಿತು. ಮಾರ್ಚ್ 3ರ ಹಬ್ಬಕ್ಕೆ ಜಪಾನೀಯರು ಮೆಟ್ಟಿಲ ಮೇಲೆ ಗೊಂಬೆ ಕೂರಿಸುತ್ತಾರೆ, ನಾವು ದಸರೆಗೆ ಕೂರಿಸುವ ಹಾಗೆಯೇ. ಯಾವ ಗೊಂಬೆ ಯಾವ ಜಾಗಕ್ಕೆ ಎಂಬುದೇ ಆಟ. ಅದು ಬೆರಳಿನ ಚುರುಕನ್ನು ಬೇಡದೆ ಹಬ್ಬದ ತಿಳಿವಳಿಕೆಯನ್ನು ಬೇಡುತ್ತದೆ, ಹಾಗಾಗಿ ಹಿರಿಯರೇ ಗೆಲ್ಲಬಹುದು. ಆಟ ಬದಲಾದಾಗ ಹಿರಿಯರ “ಕೈಲಾಗದು” ಎಂಬುದು ಎಲ್ಲಿ ಹೋಯಿತು?

“ಸ್ಕ್ರೀನ್ ನೋಡಿದರೆ ಕಣ್ಣು ಹಾಳಾಗುತ್ತದೆ”

ಪರದೆಯ ಬೆಳಕಿನಿಂದ ಕಣ್ಣಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ನಡುನಡುವೆ ದೂರಕ್ಕೆ ದೃಷ್ಟಿ ಹಾಯಿಸಿದರೆ ಅದು ತಗ್ಗುತ್ತದೆ. ಹಿರಿಯರ ನಿಜವಾದ ಕಷ್ಟ ಕನ್ನಡಕದ್ದು. ಓದುವ ಕನ್ನಡಕ ಪುಸ್ತಕದ ದೂರಕ್ಕೆ ಹೊಂದಿಸಿದ್ದು. ಲ್ಯಾಪ್‌ಟಾಪ್ ಇರುವುದು ಅದಕ್ಕಿಂತ ದೂರದಲ್ಲಿ. ಬೈಫೋಕಲ್ ಹಾಕಿದವರು ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತಿಕೊಂಡೇ ಕೂರುತ್ತಾರೆ, ಗಂಟೆಯಾಗುವಷ್ಟರಲ್ಲಿ ಕುತ್ತಿಗೆ ಹಿಡಿಯುತ್ತದೆ. ಕಣ್ಣಿನ ಡಾಕ್ಟರಿಗೆ ಪರದೆಯ ದೂರ ಹೇಳಿ ಅದಕ್ಕೆ ತಕ್ಕ ಕನ್ನಡಕ ಮಾಡಿಸಿಕೊಳ್ಳಬಹುದು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಬಹುದು. ಮೊಬೈಲನ್ನು ಟಿ.ವಿ.ಗೆ ಜೋಡಿಸಿದರೆ ಇನ್ನೂ ಒಳ್ಳೆಯದು.

ಕಿವಿಯ ವಿಷಯದಲ್ಲಿ ಆನ್‌ಲೈನ್ ತರಗತಿಯೇ ಮೇಲು. ವಯಸ್ಸಾದಂತೆ ಮೊದಲು ಮಂದವಾಗುವುದು ಹೆಚ್ಚು ಕಂಪನದ ಸದ್ದುಗಳು. ಸ, ಶ ಮೊದಲಾದ ವ್ಯಂಜನಗಳು ಜಾರಿಹೋಗುತ್ತವೆ, ಮಾತು ಕೇಳಿಸಿಯೂ ಅರ್ಥವಾಗುವುದಿಲ್ಲ. ಗದ್ದಲದ ಸಭಾಂಗಣಕ್ಕಿಂತ ಇಯರ್‌ಫೋನು ಎಷ್ಟೋ ವಾಸಿ. ಮಾತನ್ನು ಕನ್ನಡ ಅಕ್ಷರಗಳಲ್ಲಿ ಮೂಡಿಸುವ ಉಚಿತ ಆ್ಯಪ್‌ಗಳೂ ಆಂಡ್ರಾಯ್ಡ್ ಫೋನಿಗೆ ಬಂದಿವೆ.

“ಸಂಗೀತ ಎದುರು ಕೂತೇ ಕಲಿಯಬೇಕು, ಆನ್‌ಲೈನಲ್ಲಿ ಬರುವುದಿಲ್ಲ”

ಇದರಲ್ಲಿ ಅರ್ಧ ಸತ್ಯವಿದೆ. ಭಜನೆಯ ಕ್ಲಾಸಿಗೆ ಸೇರಿ ಮೊದಲ ವಾರವೇ ಬಿಟ್ಟವರ ಅನುಭವ ಸುಳ್ಳಲ್ಲ. ಅಂತರ್ಜಾಲದಲ್ಲಿ ಧ್ವನಿ ಹೋಗಿ ಬರುವುದಕ್ಕೆ ಸೆಕೆಂಡಿನ ಒಂದು ಭಾಗ ಹಿಡಿಯುತ್ತದೆ. ಮಾತಿಗೆ ಅದು ತೊಡಕಲ್ಲ, ತಾಳಕ್ಕೆ ಮಾರಕ. ಹದಿನೈದು ಜನ ಒಟ್ಟಿಗೆ ಹಾಡಿದರೆ ಹದಿನೈದು ಲಯ ಕೇಳುತ್ತದೆ. ಅದಕ್ಕೇ ಬಲ್ಲ ಗುರುಗಳು ಎಲ್ಲರನ್ನೂ ಮ್ಯೂಟ್ ಮಾಡಿಸಿ ಒಂದು ಸಾಲು ಹಾಡುತ್ತಾರೆ, ಆಮೇಲೆ ಒಬ್ಬೊಬ್ಬರಿಂದ ಹೇಳಿಸುತ್ತಾರೆ. ಮೈಕ್ ಮುಚ್ಚಿದ್ದಾಗ ತಪ್ಪಿ ಹಾಡಿದರೂ ಯಾರಿಗೂ ಕೇಳಿಸದು. ಎಂದೂ ಬಾಯಿಬಿಟ್ಟು ಹಾಡದ ಸಂಕೋಚದವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ತೊಡಕು ಶ್ರುತಿಯದು. ಶ್ರುತಿಪೆಟ್ಟಿಗೆ ನುಡಿಯುತ್ತಿದ್ದರೂ ಆ ಕಡೆಯವರಿಗೆ ಬಿಟ್ಟು ಬಿಟ್ಟು ಕೇಳುತ್ತದೆ, ಇಲ್ಲವೇ ಕೇಳಿಸುವುದೇ ಇಲ್ಲ. ಫ್ಯಾನಿನ ಸದ್ದನ್ನು ಅಳಿಸಲು ಇಟ್ಟ ವ್ಯವಸ್ಥೆ, ಒಂದೇ ಸಮನೆ ಬರುವ ಶ್ರುತಿಯನ್ನೂ ಗದ್ದಲವೆಂದೇ ಭಾವಿಸಿ ಅಳಿಸುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಒತ್ತಿದರೆ ಶ್ರುತಿ ಮರಳುತ್ತದೆ. ಇಷ್ಟು ತಿಳಿಯದೆ ಎಷ್ಟು ಜನ ತಮಗೆ ಶ್ರುತಿಜ್ಞಾನವೇ ಇಲ್ಲವೆಂದುಕೊಂಡು ಕ್ಲಾಸು ಬಿಟ್ಟಿರಬಹುದು ಎಂದು ಯೋಚಿಸಿದರೆ ನೋವಾಗುತ್ತದೆ. ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು ಎಂಬಂತೆ ಸರದಿಯಲ್ಲಿ ನಡೆಯುವ ಗಮಕ ಈ ಮಾಧ್ಯಮಕ್ಕೆ ಚೆನ್ನಾಗಿ ಒಗ್ಗುತ್ತದೆ. ತಬಲಾ ಜೊತೆಗಿನ ಸಮೂಹ ಭಜನೆಗೆ ಮಾತ್ರ ಮಠದ ಜಗುಲಿಯೋ ದೇವಸ್ಥಾನದ ಪ್ರಾಂಗಣವೋ ಬೇಕೇ ಬೇಕು.

“ಹೊಸದು ಕಲಿತರೆ ಮರೆವಿನ ಕಾಯಿಲೆ ಬರುವುದಿಲ್ಲ”

ಇದು ಎದುರು ದಿಕ್ಕಿನ ತಪ್ಪು. ಕ್ಲಾಸು ಮಾರುವವರು ಇದನ್ನು ಹೇಳಿದಾಗ ನಂಬಬೇಡಿ. ಮಿದುಳಿನ ಆಟಗಳ ಆ್ಯಪ್ ಮಾರುತ್ತಿದ್ದ ಲ್ಯುಮೊಸಿಟಿ, ಅವು ವಯೋಸಹಜ ಮರೆವನ್ನೂ ಡಿಮೆನ್ಷಿಯಾವನ್ನೂ ತಡೆಯುತ್ತವೆ ಎಂಬಂತೆ ಜಾಹೀರಾತು ಕೊಟ್ಟಿದ್ದಕ್ಕೆ 2016ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಒಂದು ಆಟ ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ. ಅದರ ಲಾಭ ದಿನನಿತ್ಯದ ಬದುಕಿಗೆ ಹರಿದು ಬರುತ್ತದೆ ಎನ್ನುವುದಕ್ಕೆ ಪುರಾವೆ ಬಹಳ ಕಡಿಮೆ.

ನಿಜವಾದ ಕಲಿಕೆಯ ಕಥೆ ಸ್ವಲ್ಪ ಬೇರೆ. ಟೆಕ್ಸಸ್‌ನ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60ರಿಂದ 90 ವರ್ಷದ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಕೆಲವರು ನಮ್ಮ ಕೌದಿಯಂಥ ಹೊಲಿಗೆ ಕಲಿತರು, ಕೆಲವರು ಡಿಜಿಟಲ್ ಛಾಯಾಗ್ರಹಣ ಕಲಿತರು, ಇನ್ನು ಕೆಲವರು ಸೇರಿ ಹರಟಿದರು, ಮತ್ತೆ ಕೆಲವರು ಮನೆಯಲ್ಲಿ ಸಂಗೀತ ಕೇಳುವಂಥ ಹಗುರ ಕೆಲಸ ಮಾಡಿದರು. ಮೂರು ತಿಂಗಳ ನಂತರ ಕಷ್ಟಪಟ್ಟು ಹೊಸ ಕೌಶಲ ಕಲಿತವರ ನೆನಪು ಸುಧಾರಿಸಿತ್ತು. ಆದರೆ ಅವರು ವಾರಕ್ಕೆ ಸುಮಾರು ಹದಿನೈದು ಗಂಟೆ ಕೂತಿದ್ದರು. ವಾರಕ್ಕೊಂದು ಗಂಟೆ ಉಪನ್ಯಾಸ ಕೇಳಿ ಅದೇ ಫಲ ನಿರೀಕ್ಷಿಸುವಂತಿಲ್ಲ. ಬಿ.ಪಿ., ಸಕ್ಕರೆ, ಕಿವಿ, ಕಣ್ಣು, ನಡಿಗೆ ಇವನ್ನು ಕಡೆಗಣಿಸಿ ಕ್ಲಾಸೊಂದನ್ನೇ ನಂಬುವುದಂತೂ ಸಲ್ಲದು. ಮರೆವು ಗಾಬರಿ ಹುಟ್ಟಿಸುವಷ್ಟಿದ್ದರೆ ಹೋಗಬೇಕಾದದ್ದು ಡಾಕ್ಟರ ಬಳಿಗೆ.

“ಒಬ್ಬರೇ ಕೂತು ನೋಡುವುದು, ಅದೆಂಥ ಕ್ಲಾಸು?”

ಯೂಟ್ಯೂಬ್ ನೋಡುವುದನ್ನೂ ನೇರ ತರಗತಿಯನ್ನೂ ಒಂದೇ ಎಂದುಕೊಂಡದ್ದರಿಂದ ಬಂದ ಮಾತಿದು. ಒಂಟಿಯಾಗಿ ಕಲಿಯುವುದು ಯಾರಿಗೂ ಕಷ್ಟವೇ. ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳ ಮೊದಲ ವರ್ಷದ ಮುಕ್ತ ಕೋರ್ಸುಗಳಿಗೆ (2012–13) ಎಂಟು ಲಕ್ಷಕ್ಕೂ ಮೀರಿ ನೋಂದಣಿಯಾಗಿ, ಪ್ರಮಾಣಪತ್ರ ಪಡೆದವರು 43 ಸಾವಿರದಷ್ಟು ಮಾತ್ರ. ಅವರಲ್ಲಿ ಬಹುಪಾಲು ಹಿರಿಯರೇನೂ ಅಲ್ಲ. ಆದ್ದರಿಂದ ಅರ್ಧಕ್ಕೆ ಬಿಟ್ಟ ಹಿರಿಯರು ನಾಚಬೇಕಿಲ್ಲ. ಹತ್ತು-ಹದಿನೈದು ಜನರಿದ್ದು, ಪರಸ್ಪರ ಮುಖ ಕಾಣುವ, ಪಾಠ ಮುಗಿದ ಮೇಲೂ ಕಾಲು ಗಂಟೆ ಮಾತಿಗೆ ಬಿಡುವ ತರಗತಿ ಹುಡುಕಿ. ಮಸಾಕೊ ಅವರು ವಯಸ್ಸಾದ ತಾಯಿಯ ಆರೈಕೆಗೆ ಮನೆಯಲ್ಲೇ ಉಳಿಯಬೇಕಾಗಿದ್ದಾಗ ಕಂಪ್ಯೂಟರಿನ ಮೂಲಕವೇ ಗೆಳೆಯರನ್ನು ಕಂಡುಕೊಂಡರು. ಮೊಣಕಾಲು ನೋವಿನಿಂದ ಮೆಟ್ಟಿಲಿಳಿಯದವರಿಗೆ, ಹಾಸಿಗೆ ಹಿಡಿದ ಸಂಗಾತಿಯನ್ನು ಬಿಟ್ಟು ಹೋಗಲಾಗದವರಿಗೆ ಇದು ಕಿಟಕಿ. ನಡೆಯಬಲ್ಲವರು ಉದ್ಯಾನದ ಕಲ್ಲುಬೆಂಚನ್ನು ಬಿಟ್ಟು ಪರದೆ ಮುಂದೆ ಕೂರಬೇಕಿಲ್ಲ.

ಇಂಗ್ಲಿಷ್ ಬೇಕು, ಪದವಿಗೆ ವಯಸ್ಸು ಮೀರಿತು ಎಂಬ ಮಾತುಗಳಿಗೆ ಹೆಚ್ಚು ಜಾಗ ಬೇಡ. ಬಾಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಟೈಪ್ ಮಾಡುವ ಸೌಲಭ್ಯ 2017ರಿಂದಲೇ ಫೋನಿನಲ್ಲಿದೆ. ಅದೇ ವರ್ಷ ಶುರುವಾದ ಕೇಂದ್ರ ಸರ್ಕಾರದ ‘ಸ್ವಯಂ’ ಕೋರ್ಸುಗಳನ್ನು ಯಾವ ವಯಸ್ಸಿನವರೂ ಉಚಿತವಾಗಿ ಕೇಳಬಹುದು, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಮುಕ್ತ ವಿಶ್ವವಿದ್ಯಾಲಯಗಳ ಪದವಿಗೆ ಗರಿಷ್ಠ ವಯೋಮಿತಿಯಿಲ್ಲ. ಪಟನಾದಲ್ಲಿ ನೆಲೆಸಿದ್ದ ರಾಜಕುಮಾರ್ ವೈಶ್ಯ 2017ರಲ್ಲಿ ನಳಂದ ಮುಕ್ತ ವಿ.ವಿ.ಯಿಂದ ಅರ್ಥಶಾಸ್ತ್ರದ ಎಂ.ಎ. ಮುಗಿಸಿದಾಗ ಅವರಿಗೆ 98 ವರ್ಷ.

“ಆನ್‌ಲೈನಿಗೆ ಹೋದರೆ ದುಡ್ಡು ಹೋಗುತ್ತದೆ”

ಭಯ ಸಕಾರಣವೇ. ಆದರೆ ಪೊಲೀಸರೆಂದು ಹೇಳಿಕೊಂಡು ಬೆದರಿಸುವ ‘ಡಿಜಿಟಲ್ ಅರೆಸ್ಟ್’ ವಂಚಕರು ಹಿರಿಯರನ್ನು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಫೋನ್ ಕರೆಯ ಮೂಲಕ. ಕ್ಲಾಸಿಗೆ ಸೇರದೆ ಉಳಿದರೆ ಅವರಿಂದ ತಪ್ಪಿಸಿಕೊಂಡಂತಾಗುವುದಿಲ್ಲ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲವೆಂದು ತಿಳಿದವರು ಕರೆ ಕತ್ತರಿಸುತ್ತಾರೆ, ತಿಳಿಯದವರು ಬಾಗಿಲು ಹಾಕಿಕೊಂಡು ನಡುಗುತ್ತಾರೆ. ಕ್ಲಾಸಿನಲ್ಲೂ ಎಚ್ಚರ ಬೇಕು. ಪರದೆ ಹಂಚಿಕೊಂಡಿರುವಾಗ ಬಂದ ಒ.ಟಿ.ಪಿ. ಎಲ್ಲರಿಗೂ ಕಾಣುತ್ತದೆ. ನಿಮ್ಮ ಫೋನನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿಕೊಳ್ಳಿ ಎಂದು ಯಾವ ಪ್ರಾಮಾಣಿಕ ಶಿಕ್ಷಕರೂ ಕೇಳುವುದಿಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮಕ್ಕಳು ಬೈಯುತ್ತಾರೆಂದು ಮುಚ್ಚಿಟ್ಟ ಪ್ರತಿ ಗಂಟೆಯೂ ವಂಚಕನಿಗೆ ಲಾಭ, ಆದ್ದರಿಂದ ಬೈಯುವುದಿಲ್ಲವೆಂದು ಮಕ್ಕಳು ಮೊದಲೇ ಮಾತು ಕೊಡುವುದು ಒಳ್ಳೆಯದು.

“ಹಿರಿಯರು ಬರೀ ವಿದ್ಯಾರ್ಥಿಗಳು”

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ಕಲ್ಪನೆ ಇದು. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪಿಯರ್ ವೆಲಾ ಹಿರಿಯರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಆರಂಭಿಸಿದರು. ಅಲ್ಲಿ ಕಲಿಸುವವರು ವಿಶ್ವವಿದ್ಯಾಲಯದವರು. ಎಂಬತ್ತರ ದಶಕದ ಆರಂಭದಲ್ಲಿ ಪೀಟರ್ ಲ್ಯಾಸ್ಲೆಟ್, ಮೈಕಲ್ ಯಂಗ್, ಎರಿಕ್ ಮಿಡ್‌ವಿಂಟರ್ ಅದನ್ನು ಬ್ರಿಟನ್ನಿಗೆ ತಂದಾಗ ಕ್ರಮವನ್ನೇ ಬದಲಿಸಿದರು. ಸದಸ್ಯರೇ ಕಲಿಸಬೇಕು, ಸದಸ್ಯರೇ ಕಲಿಯಬೇಕು; ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ 1998ರಲ್ಲೇ ಇದರ ಆನ್‌ಲೈನ್ ಶಾಖೆ ಶುರುವಾಯಿತು, ದೂರದ ಊರುಗಳಲ್ಲಿ ಒಂಟಿಯಾಗಿದ್ದ ಹಿರಿಯರನ್ನು ನೆನೆದು.

ಈ ಕ್ರಮ ನಮಗೆ ಹೇಳಿಮಾಡಿಸಿದ್ದು. ನಿವೃತ್ತ ಸರ್ವೆಯರ್ ಒಬ್ಬರು ಪಹಣಿ, ಹಿಸ್ಸಾ, ಪೋಡಿ ಎಂದರೇನೆಂದು ನಾಲ್ಕು ವಾರ ಹೇಳಿಕೊಡಬಹುದು. ಮೋಡಿ ಲಿಪಿ ಓದಬಲ್ಲವರು, ಸೋಬಾನೆ ಪದ ಬಲ್ಲವರು, ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂಥಿ ನಾಲ್ಕೂ ಹೊಲಿಗೆ ಬಲ್ಲವರು ನಮ್ಮ ಓಣಿಗಳಲ್ಲೇ ಇದ್ದಾರೆ. ಜೂಮ್‌ನ ಉಚಿತ ಖಾತೆಯಲ್ಲಿ ಒಂದು ಗುಂಪಿಗೆ ನಲವತ್ತು ನಿಮಿಷ ಸಿಗುತ್ತದೆ. ಒಂದು ಹೊಲಿಗೆ ತೋರಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಿ, ಮುಂದಿನ ವಾರಕ್ಕೆ ಯಾವ ಬಣ್ಣದ ದಾರ ತರಬೇಕೆಂದು ತಿಳಿಸುವುದಕ್ಕೆ ಅಷ್ಟು ಹೊತ್ತು ಸಾಕು.