ಸ್ಥಾನಸೂಚಕಗಳ ಸಂಕೇತಕ್ರಮ: ಕೃಷ್ಣಾತೀರದ ಎರಡು ನಿದರ್ಶನಗಳು

1. ವಿಷಯಪ್ರವೇಶ

ತಿರುಗುವ ದಂಡವು ಎಷ್ಟು ತಿರುಗಿತು, ಮೇಲೇರುವ ಬಾಗಿಲು ಎಲ್ಲಿ ನಿಂತಿತು ಎಂಬುದನ್ನು ವಿದ್ಯುತ್ಸಂಕೇತದ ರೂಪದಲ್ಲಿ ದೂರಕ್ಕೆ ತಿಳಿಸುವ ಉಪಕರಣಕ್ಕೆ ಎನ್‌ಕೋಡರ್ ಎಂದು ಹೆಸರು. ಇದನ್ನು ಕನ್ನಡದಲ್ಲಿ ಸ್ಥಾನಸೂಚಕವೆನ್ನಬಹುದು. ಅಳೆಯುವ ತತ್ತ್ವವನ್ನು ಪಠ್ಯಗ್ರಂಥಗಳು ಸಾಕಷ್ಟು ವಿವರಿಸುತ್ತವೆ. ಅಳೆದುದನ್ನು ಯಾವ ಸಂಕೇತದಲ್ಲಿ, ಎಂಥ ತಂತಿಯ ಮೂಲಕ ಕಳುಹಿಸಬೇಕೆಂಬ ಪ್ರಶ್ನೆಗೆ ಮಾತ್ರ ಅವುಗಳಲ್ಲಿ ಸ್ಥಳ ಕಡಮೆ. ಉಪಕರಣವು ಉಪಯೋಗಕ್ಕೆ ಬರುವುದೂ ನಿರುಪಯುಕ್ತವಾಗುವುದೂ ಬಹುಮಟ್ಟಿಗೆ ಇದರ ಮೇಲೆಯೇ ಅವಲಂಬಿಸಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸೀಮೆ ಈ ವಿಚಾರಕ್ಕೆ ಒಳ್ಳೆಯ ನಿದರ್ಶನಗಳನ್ನು ಒದಗಿಸುತ್ತದೆ. ಕೃಷ್ಣೆಯೂ ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾಗಳೂ ಹರಿಯುವ ಈ ಸೀಮೆ ಕಬ್ಬಿನ ನಾಡು. ಉಗಾರದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಂಪನಿ ಸ್ಥಾಪಿತವಾಯಿತು; ಮುಂದೆ ಸಹಕಾರಿ ಕಾರ್ಖಾನೆಗಳೂ ಬಂದವು. ಅದೇ ನದಿ 2005, 2019 ಮತ್ತು 2021ರಲ್ಲಿ ಮಹಾಪೂರವನ್ನೂ ತಂದಿತು. ಆದುದರಿಂದ ಸಕ್ಕರೆ ಕಾರ್ಖಾನೆಯ ಯಂತ್ರ ಮತ್ತು ನದಿಗಡ್ಡವಾದ ಬ್ಯಾರೇಜಿನ ಗೇಟು, ಇವೆರಡನ್ನೂ ಉದಾಹರಣೆಯಾಗಿ ಇಟ್ಟುಕೊಂಡು ಸಂಕೇತಗಳ ಗುಣದೋಷಗಳನ್ನು ವಿವೇಚಿಸೋಣ.

2. ಏರಿಕೆಯ ಎಣಿಕೆ

ಇನ್‌ಕ್ರಿಮೆಂಟಲ್ ಎನ್‌ಕೋಡರಿನಲ್ಲಿ ಸಮಾನಾಂತರವಾದ ಗೆರೆಗಳುಳ್ಳ ಬಿಲ್ಲೆಯೊಂದು ದಂಡದೊಡನೆ ತಿರುಗುತ್ತದೆ. ಗೆರೆಗಳ ನಡುವಿನಿಂದ ಹಾಯುವ ಬೆಳಕು ವಿದ್ಯುತ್ ಸ್ಪಂದಗಳಾಗಿ ಮಾರ್ಪಡುತ್ತದೆ. ಒಂದೇ ಸ್ಪಂದಮಾಲೆಯಿದ್ದರೆ ತಿರುಗಿದ ಪರಿಮಾಣ ತಿಳಿದೀತೇ ಹೊರತು ದಿಕ್ಕು ತಿಳಿಯದು. ಆದಕಾರಣ ಆವರ್ತದ ಕಾಲುಭಾಗದಷ್ಟು ಅಂತರವಿರುವ ಎ, ಬಿ ಎಂಬ ಎರಡು ಮಾಲೆಗಳನ್ನು ಕಳುಹಿಸುತ್ತಾರೆ. ಎ ಮುಂದಾದರೆ ಒಂದು ದಿಕ್ಕು, ಬಿ ಮುಂದಾದರೆ ಇನ್ನೊಂದು. ಎರಡು ಮಾಲೆಗಳ ಏರಿಳಿತಗಳನ್ನೆಲ್ಲ ಎಣಿಸಿದರೆ 1024 ಗೆರೆಗಳ ಬಿಲ್ಲೆಯಿಂದ ಸುತ್ತಿಗೆ 4096 ಎಣಿಕೆಗಳು ದೊರೆಯುತ್ತವೆ. ಸುತ್ತಿಗೊಮ್ಮೆ ಬರುವ ಝಡ್ ಎಂಬ ಮೂರನೆಯ ಸ್ಪಂದವು ಆರಂಭಬಿಂದುವನ್ನು ಸೂಚಿಸುತ್ತದೆ.

ಹರಳುಗಳಿಂದ ಕಾಕಂಬಿಯನ್ನು ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರಕ್ಕೆ ಇದು ಉಚಿತವಾದುದು. ಅಲ್ಲಿ ಮುಖ್ಯವಾಗಿ ಬೇಕಾದುದು ವೇಗ. ಯಂತ್ರವು ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅಂಥ ಬಿಲ್ಲೆಯ ಒಂದು ಮಾಲೆಯಿಂದ ಸೆಕೆಂಡಿಗೆ ಸುಮಾರು 17,000 ಸ್ಪಂದಗಳು ಹೊರಡುತ್ತವೆ. ಆದರೆ ಕಾರ್ಖಾನೆಯಲ್ಲಿ ಮೋಟಾರಿನ ವೇಗವನ್ನು ಬದಲಿಸುವ ಡ್ರೈವುಗಳು ವಿದ್ಯುತ್ ಗದ್ದಲವನ್ನುಂಟುಮಾಡುತ್ತವೆ. ಆ ಗದ್ದಲವನ್ನೂ ಎಣಿಕೆಯ ಯಂತ್ರ ಸ್ಪಂದವೆಂದೇ ಎಣಿಸಬಹುದು. ಇದಕ್ಕೆ ಪರಿಹಾರ ಆರ್‌ಎಸ್-422 ಕ್ರಮ. ಇದರಲ್ಲಿ ಪ್ರತಿ ಸಂಕೇತವನ್ನೂ ಅದರ ವಿಲೋಮವನ್ನೂ ಹುರಿಗೊಳಿಸಿದ ಜೋಡಿತಂತಿಯಲ್ಲಿ ಕಳುಹಿಸಿ, ಗ್ರಾಹಕದಲ್ಲಿ ಅವೆರಡರ ವ್ಯತ್ಯಾಸವನ್ನು ಮಾತ್ರ ಓದುತ್ತಾರೆ. ಹೊರಗಿನ ಗದ್ದಲ ಎರಡು ತಂತಿಗಳನ್ನೂ ಸಮನಾಗಿ ತಟ್ಟುವುದರಿಂದ ವ್ಯತ್ಯಾಸದಲ್ಲಿ ಅದು ಕಳೆದುಹೋಗುತ್ತದೆ.

ಈ ಜಾತಿಯ ಮುಖ್ಯ ದೋಷವೆಂದರೆ, ವಿದ್ಯುತ್ತು ನಿಂತಾಗ ದಂಡ ಅಲುಗಿದರೆ ಆ ಚಲನೆ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಆರಂಭಬಿಂದುವಿಗೆ ಹೋಗಿ ಎಣಿಕೆಯನ್ನು ಹೊಸದಾಗಿ ತೊಡಗಬೇಕು. ಸೆಂಟ್ರಿಫ್ಯೂಗಲಿಗೆ ಇದು ಬಾಧಕವಲ್ಲ. ಪೂರದ ನಡುರಾತ್ರಿ ಅರ್ಧ ತೆರೆದಿರುವ ಗೇಟನ್ನು, ಸೊನ್ನೆಯನ್ನು ಗುರುತಿಸುವುದಕ್ಕಾಗಿ ಮುಚ್ಚಿ ತೆರೆಯುವುದು ಯಾರಿಗೂ ಒಪ್ಪಿತವಾಗದು.

3. ನಿರಪೇಕ್ಷ ಸ್ಥಾನ

ಆಬ್ಸೊಲ್ಯೂಟ್ ಎನ್‌ಕೋಡರಿನಲ್ಲಿ ಪ್ರತಿಯೊಂದು ಸ್ಥಾನಕ್ಕೂ ತನ್ನದೇ ಆದ ಅಂಕೆಯಿರುತ್ತದೆ. ವಿದ್ಯುತ್ತು ಹೋಗಿ ಬಂದರೂ ಉಪಕರಣವು ಆಗಿನ ಸ್ಥಾನವನ್ನು ನೇರವಾಗಿ ಹೇಳುತ್ತದೆ. ಸಾಧಾರಣ ದ್ವಿಮಾನ ಬರಹದಲ್ಲಿ ಒಂದು ತೊಡಕುಂಟು. 7ರಿಂದ 8ಕ್ಕೆ ಹೋಗುವಾಗ 0111 ಎಂಬುದು 1000 ಆಗುತ್ತದೆ. ನಾಲ್ಕು ಬಿಟ್ಟುಗಳೂ ಬದಲಾಗಬೇಕು. ಅವು ಒಂದೇ ಕ್ಷಣದಲ್ಲಿ ಬದಲಾಗದಿದ್ದರೆ ನಡುವೆ ತೀರ ಅಸಂಬದ್ಧವಾದ ಅಂಕೆಯೊಂದು ಓದಿಗೆ ಸಿಕ್ಕೀತು. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಎಂಬವರ ಹೆಸರಿನ, 1953ರಲ್ಲಿ ಪೇಟೆಂಟು ದೊರೆತ ಸಂಕೇತದಲ್ಲಿ ಇದೇ ಹೆಜ್ಜೆ 0100ರಿಂದ 1100ಕ್ಕೆ ಆಗುತ್ತದೆ. ಬದಲಾಗುವುದು ಒಂದೇ ಬಿಟ್ಟು. ಆದುದರಿಂದ ಗಡಿಯ ಮೇಲೆ ಓದಿದರೂ ತಪ್ಪು ಒಂದು ಹೆಜ್ಜೆಯನ್ನು ಮೀರದು.

ಗೇಟನ್ನೆತ್ತುವ ಡ್ರಮ್ಮು ಹಲವು ಸುತ್ತು ತಿರುಗುವುದರಿಂದ ಸುತ್ತುಗಳನ್ನೂ ನೆನಪಿಡುವ ಬಹುಸುತ್ತಿನ ಎನ್‌ಕೋಡರ್ ಅಲ್ಲಿ ಅವಶ್ಯ. ಸುತ್ತಿನೊಳಗಿನ ಸ್ಥಾನಕ್ಕೆ 13 ಬಿಟ್ಟು, ಸುತ್ತುಗಳ ಎಣಿಕೆಗೆ 12 ಬಿಟ್ಟು, ಒಟ್ಟು 25 ಬಿಟ್ಟುಗಳ ರಚನೆ ಬಳಕೆಯಲ್ಲಿದೆ. ಡ್ರಮ್ಮಿನ ಒಂದು ಸುತ್ತಿಗೆ ಗೇಟು 2 ಮೀಟರ್ ಏರುವುದೆಂದು ಭಾವಿಸಿದರೆ, 8192 ಹೆಜ್ಜೆಗಳಲ್ಲಿ ಪ್ರತಿಯೊಂದೂ ಮಿಲಿಮೀಟರಿನ ಕಾಲುಭಾಗಕ್ಕಿಂತ ಕಿರಿದಾಗುತ್ತದೆ.

4. ತಂತಿಯ ಉದ್ದ ಮತ್ತು ಕಾಲ

25 ಬಿಟ್ಟುಗಳಿಗೆ 25 ತಂತಿಗಳನ್ನೆಳೆಯುವುದು ವ್ಯಾವಹಾರಿಕವಲ್ಲ. ಎಸ್‌ಎಸ್‌ಐ ಎಂಬ ಕ್ರಮದಲ್ಲಿ ನಿಯಂತ್ರಕವು ಒಂದು ಜೋಡಿತಂತಿಯಲ್ಲಿ ಗಡಿಯಾರದ ಸ್ಪಂದಗಳನ್ನು ಕಳುಹಿಸುತ್ತದೆ. ಎನ್‌ಕೋಡರು ಇನ್ನೊಂದು ಜೋಡಿಯಲ್ಲಿ ಸ್ಪಂದಕ್ಕೊಂದರಂತೆ ಬಿಟ್ಟುಗಳನ್ನು ಹಿಂದಿರುಗಿಸುತ್ತದೆ. ಮೊದಲ ಸ್ಪಂದವು ಬಂದೊಡನೆ ಆ ಕ್ಷಣದ ಸ್ಥಾನ ಸ್ಥಿರಗೊಳ್ಳುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಲೆಕ್ಕವೊಂದಿದೆ. ತಂತಿಯಲ್ಲಿ ಸಂಕೇತವು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ತೆಗೆದುಕೊಳ್ಳುತ್ತದೆ. ಎನ್‌ಕೋಡರು 200 ಮೀಟರ್ ದೂರದಲ್ಲಿದ್ದರೆ ಹೋಗಿಬರುವುದಕ್ಕೆ 2 ಮೈಕ್ರೋಸೆಕೆಂಡು ಬೇಕು. ಗಡಿಯಾರವು ಸೆಕೆಂಡಿಗೆ ಹತ್ತು ಲಕ್ಷ ಸ್ಪಂದಗಳದಾದರೆ ಸ್ಪಂದದ ಅವಧಿ 1 ಮೈಕ್ರೋಸೆಕೆಂಡು ಮಾತ್ರ. ಉತ್ತರ ಬರುವಷ್ಟರಲ್ಲಿ ಮುಂದಿನ ಪ್ರಶ್ನೆಗಳು ಹೊರಟುಹೋಗಿರುತ್ತವೆ, ಬಿಟ್ಟುಗಳು ಸ್ಥಾನ ತಪ್ಪುತ್ತವೆ. ಸ್ಪಂದಗಳನ್ನು ಒಂದು ಲಕ್ಷಕ್ಕಿಳಿಸಿದರೆ ಅವಧಿ 10 ಮೈಕ್ರೋಸೆಕೆಂಡಾಗಿ ತೊಂದರೆ ನೀಗುತ್ತದೆ. ಆಗ 25 ಬಿಟ್ಟುಗಳ ಓದಿಗೆ 250 ಮೈಕ್ರೋಸೆಕೆಂಡು ಹಿಡಿಯುವುದಾದರೂ, ನಿಧಾನವಾಗಿ ಏರುವ ಗೇಟಿಗೆ ಅದು ಲಕ್ಷ್ಯಕ್ಕೆ ಬಾರದ ಕಾಲ.

5. ಪ್ರವಾಹಸಂಕೇತ ಮತ್ತು ಬಸ್ಸುಗಳು

4ರಿಂದ 20 ಮಿಲಿಆಂಪಿಯರ್ ಪ್ರವಾಹದ ಸಂಕೇತವು ಹಳೆಯದಾದರೂ ತಿರಸ್ಕರಿಸತಕ್ಕದ್ದಲ್ಲ. ಸೊನ್ನೆಯ ಸ್ಥಾನಕ್ಕೂ 4 ಮಿಲಿಆಂಪಿಯರ್ ಇರುವುದರಿಂದ ಪ್ರವಾಹವೇ ಇಲ್ಲದಿದ್ದರೆ ತಂತಿ ಕಡಿದಿದೆಯೆಂದು ತಿಳಿಯುತ್ತದೆ. ಕಬ್ಬು ನುರಿಸುವ ಯಂತ್ರದ ಮೇಲುರುಳೆ ಕಬ್ಬಿನ ಪದರಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಅಲ್ಪ ಚಲನೆಯನ್ನು ತಿಳಿಸಲು ಇದು ಸಾಕು. 8 ಮೀಟರ್ ಏರುವ ಗೇಟಿಗಾದರೆ ಒಂದು ಮಿಲಿಆಂಪಿಯರ್ ಅರ್ಧ ಮೀಟರಿಗೆ ಸಮ. ಒಟ್ಟು ವ್ಯಾಪ್ತಿಯ ಸಾವಿರದಲ್ಲೊಂದು ಪಾಲು ತಪ್ಪಾದರೂ 8 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ.

ಅನೇಕ ಗೇಟುಗಳಿದ್ದಲ್ಲಿ ಪ್ರತಿಯೊಂದಕ್ಕೂ ಬೇರೆ ತಂತಿಯ ಬದಲು ಒಂದೇ ಮಾರ್ಗದಲ್ಲಿ ಎಲ್ಲವನ್ನೂ ಜೋಡಿಸುವ ಬಸ್ಸಿನ ವ್ಯವಸ್ಥೆ ಲೇಸು. ಆರ್‌ಎಸ್-485 ತಂತಿಯ ಮೇಲೆ ನಡೆಯುವ ಮಾಡ್‌ಬಸ್ ಕಡಮೆ ವೇಗದಲ್ಲಿ ಸುಮಾರು 1200 ಮೀಟರ್ ದೂರ ಮುಟ್ಟುತ್ತದೆ. ಕ್ಯಾನ್ ಬಸ್ಸು ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳ ವೇಗದಲ್ಲಿ ಸುಮಾರು 40 ಮೀಟರಿಗೆ ಸೀಮಿತ. ವೇಗವನ್ನು 1,25,000ಕ್ಕೆ ಇಳಿಸಿದರೆ 500 ಮೀಟರಿನವರೆಗೆ ಹೋದೀತು. ಈಥರ್‌ನೆಟ್ಟಿನ ಮೇಲೆ ನಡೆಯುವ ಪ್ರಾಫಿನೆಟ್, ಈಥರ್‌ಕ್ಯಾಟ್‌ಗಳು ಅತಿವೇಗದ ಯಂತ್ರಗಳಿಗೆ ಸಲ್ಲುತ್ತವೆ. ಬಸ್ಸಿನ ವಿಶೇಷ ಗುಣವೆಂದರೆ ಸ್ಥಾನದ ಅಂಕೆಯೊಡನೆ ದೋಷಸೂಚನೆಯನ್ನೂ ತಪ್ಪು ಹಿಡಿಯುವ ಅಂಕೆಯನ್ನೂ ಕಳುಹಿಸಬಹುದಾದುದು. ಒಂದೇ ತಂತಿ ಕಡಿದರೆ ಹಲವು ಗೇಟುಗಳ ಸುದ್ದಿ ಒಟ್ಟಿಗೆ ನಿಲ್ಲಬಹುದಾದುದು ಅದರ ಅವಗುಣ.

6. ಸಂಕೇತದ ಮಿತಿ

ಸಂಕೇತವೆಷ್ಟೇ ಶುದ್ಧವಾಗಿದ್ದರೂ ಎನ್‌ಕೋಡರು ತಾನು ಜೋಡಿಸಲ್ಪಟ್ಟ ದಂಡದ ಸ್ಥಾನವನ್ನಷ್ಟೇ ಹೇಳಬಲ್ಲುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಇಂಥ ಸಂದರ್ಭವನ್ನು ತಾತ್ತ್ವಿಕವಾಗಿ ಪರಿಶೀಲಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎತ್ತುವ ಯಂತ್ರದ ದಂಡಕ್ಕೆ ಮಾತ್ರ ಎನ್‌ಕೋಡರನ್ನು ಜೋಡಿಸಿದ್ದರೆ, ಸರಪಳಿ ಕಡಿದ ಮೇಲೂ ದಂಡ ಅಲುಗದಿರುವ ತನಕ ಅದು ‘ಗೇಟು ಮುಚ್ಚಿದೆ’ ಎಂದೇ ಹೇಳುತ್ತಿರುತ್ತದೆ. ಬಿಟ್ಟುಗಳಲ್ಲಿ ತಪ್ಪಿಲ್ಲ, ತಂತಿಯಲ್ಲಿ ತಪ್ಪಿಲ್ಲ. ಆದರೂ ಸುದ್ದಿ ಸುಳ್ಳು.

ಆದುದರಿಂದ ಗೇಟಿನ ಮೈಗೇ ತಗುಲಿಸಿದ ಎರಡನೆಯ ಸೂಚಕ, ಸರಪಳಿಯ ಭಾರವನ್ನಳೆಯುವ ಸಾಧನ, ಕೆಳಗಣ ನೀರಿನ ಮಟ್ಟದ ಮಾಪನ, ಇವುಗಳಲ್ಲಿ ಒಂದಾದರೂ ಸಾಕ್ಷಿಯಾಗಿ ಜೊತೆಗಿರತಕ್ಕದ್ದು. ಕಲ್ಲೋಳ-ಯಡೂರಿನಂಥ ಕಡೆ ತಗ್ಗಿನ ಸೇತುವೆಗಳು ಪೂರದಲ್ಲಿ ಮುಳುಗಿ ದಾರಿ ಕಟ್ಟುವ ಸೀಮೆಯಲ್ಲಿ, ಮೇಲಿನ ಗೇಟು ಎಷ್ಟು ತೆರೆದಿದೆಯೆಂಬ ಅಂಕೆಯನ್ನು ನಂಬಿ ಕೆಳಗಿನ ಊರಿನವರು ದನಕರುಗಳೊಡನೆ ಹೊರಡಬೇಕೋ ನಿಲ್ಲಬೇಕೋ ಎಂದು ತೀರ್ಮಾನವಾಗುತ್ತದೆ.

7. ಉಪಸಂಹಾರ

ವೇಗವೇ ಮುಖ್ಯವಾದಲ್ಲಿ ಜೋಡಿತಂತಿಯ ಏರಿಕೆಯ ಎಣಿಕೆ. ಅಲ್ಪ ಚಲನೆಗೆ ಪ್ರವಾಹಸಂಕೇತ. ವಿದ್ಯುತ್ತು ಹೋಗಿ ಬಂದರೂ ಸ್ಥಾನ ತಪ್ಪಬಾರದಲ್ಲಿ ಬಹುಸುತ್ತಿನ ನಿರಪೇಕ್ಷ ಸೂಚಕ. ಹಲವು ಸೂಚಕಗಳು ದೂರದೂರಕ್ಕಿದ್ದಲ್ಲಿ ಬಸ್ಸು. ಸ್ಥೂಲವಾಗಿ ಇದು ಆಯ್ಕೆಯ ಕ್ರಮ. ಆಯ್ಕೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು: ವಿದ್ಯುತ್ತು ನಿಂತರೆ ಏನಾಗುತ್ತದೆ? ತಂತಿ ಕಡಿದರೆ ತಿಳಿಯುತ್ತದೆಯೇ? ಅಳೆಯುತ್ತಿರುವುದು ನಮಗೆ ಬೇಕಾದ ವಸ್ತುವನ್ನೋ, ಅದಕ್ಕೆ ಕಟ್ಟಿದ ಇನ್ನೊಂದನ್ನೋ? ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಎ, ಬಿ ಮಾಲೆಗಳನ್ನು ಆಸಿಲೊಸ್ಕೋಪಿನಲ್ಲಿ ನೋಡುವುದರ ಜೊತೆಗೆ, ತಂತಿಯನ್ನು ಕಿತ್ತು, ವಿದ್ಯುತ್ತನ್ನು ನಿಲ್ಲಿಸಿ, ದಂಡದ ಜೋಡಣೆಯನ್ನು ಸಡಿಲಿಸಿ ಫಲವನ್ನು ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸವಾದೀತು.